ನಮ್ಮ ಹೆಸರು ಬಯಲಿಗೆ, ಅವರ ಲೆಕ್ಕ ಬೀಗದೊಳಗೆ

ಕಡಲೆಕಾಯಿ ಬೆಳೆ ಕೈಕೊಟ್ಟ ಒಂದು ವರ್ಷ ಪರಿಹಾರದ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ನನ್ನ ಹೊಲದ ನಾಲ್ಕೂ ದಿಕ್ಕಿನ ಹೊಲದವರಿಗೆ ಬಂತು. ಒಂದೇ ಮಳೆ, ಒಂದೇ ಮಣ್ಣು, ಬೀಜವೂ ಒಂದೇ ಅಂಗಡಿಯದು. ವಿಚಾರಿಸೋಣವೆಂದು ಕಚೇರಿಗೆ ಹೋದೆ. ಕಂಪ್ಯೂಟರಿನ ಮುಂದೆ ಕೂತಿದ್ದವನು ನಮ್ಮ ಕಡೆಯ ಹುಡುಗನೇ, ಕನ್ನಡದವನೇ.

"ಸಿಸ್ಟಂ ತಗೊಳ್ತಾ ಇಲ್ಲ ಮಾವ" ಎಂದ.

"ಯಾಕಪ್ಪಾ ತಗೊಳ್ತಾ ಇಲ್ಲ?"

"ಅದು ಹೇಳಲ್ಲ. ಹೆಸರು ಹೊಂದ್ತಾ ಇಲ್ಲ ಅಂತ ಮಾತ್ರ ಬರ್ತೈತೆ."

"ಯಾವ ಹೆಸರು, ಯಾವುದಕ್ಕೆ ಹೊಂದಬೇಕು?"

ಹುಡುಗ ಪರದೆಯನ್ನು ನನ್ನ ಕಡೆ ತಿರುಗಿಸಿದ. ಕೆಂಪು ಅಕ್ಷರದಲ್ಲಿ ಒಂದು ಸಾಲು ಇತ್ತು, ಅಷ್ಟೇ. ಅವನಿಗೂ ಗೊತ್ತಿಲ್ಲ. ಒಳಗಿದ್ದ ಸಾಹೇಬರನ್ನು ಕೇಳಿದೆ. ಅವರು ಮರ್ಯಾದೆಯಾಗಿಯೇ, "ಮಾ ಚೇತಿಲೋ ಏಮೀ ಲೇದಂಡಿ" ಎಂದರು. ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು. ಹಾಗಾದರೆ ಯಾರ ಕೈಯಲ್ಲಿದೆ ಎಂದು ಕೇಳಿದ್ದಕ್ಕೆ ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಜವಾಗಿ ಅವರ ಕೈಯಲ್ಲಿ ಏನೂ ಇರಲಿಲ್ಲ.

ಕಾರಣವನ್ನು ಆಮೇಲೆ ನಾನೇ ಊಹೆ ಮಾಡಿಕೊಂಡೆ. ನಮ್ಮಪ್ಪನನ್ನು ಊರೆಲ್ಲ ಕರೆಯುತ್ತಿದ್ದುದು ಈರಪ್ಪ ಎಂದು. ಹಳೆಯ ಪಾಸ್‌ಪುಸ್ತಕದಲ್ಲಿ, ಅಡಂಗಲ್‌ನಲ್ಲಿ, ತಂದೆ ಹೆಸರು ಈರಪ್ಪ ಎಂದೇ ಇದೆ. ಆಧಾರ್ ಮಾಡಿಸುವಾಗ ತೆಲುಗಿನ ಹುಡುಗಿಯೊಬ್ಬಳು ಅದನ್ನು ವೀರಪ್ಪ ಎಂದು ತಿದ್ದಿ 'ಸರಿ' ಮಾಡಿದಳು. ಸಾಲದ್ದಕ್ಕೆ ತೆಲುಗರಲ್ಲಿ ಇಂಟಿ ಪೇರು ಎಂದು ಮನೆತನದ ಹೆಸರು ಮೊದಲು ಬರಬೇಕು. ನಮಗೆ ಅದೆಲ್ಲಿ? ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಹೋಗುವುದಿಲ್ಲವೆಂದು ಒಂದು ಕಡೆ ಊರಿನ ಹೆಸರು ಹಾಕಿದರು, ಇನ್ನೊಂದು ಕಡೆ ತಾತನ ಹೆಸರು ಹಾಕಿದರು. ಹೀಗೆ ಸರ್ಕಾರದ ಪುಸ್ತಕದಲ್ಲಿ ನಾನು ಇಬ್ಬರು ಮನುಷ್ಯರಾಗಿದ್ದೇನೆ. ಎರಡು ಭಾಷೆಯಲ್ಲಿ ಪದ್ಯ ಕಟ್ಟುವವನಿಗೆ ಎರಡು ಅಂಕಿತ ಇದ್ದರೆ ಹೆಮ್ಮೆ. ಪರಿಹಾರ ಕೇಳುವ ರೈತನಿಗೆ ಎರಡು ಹೆಸರಿದ್ದರೆ ಇದೇ ಗತಿ. ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರದ ಕಡೆ ಇದು ನನ್ನೊಬ್ಬನ ಕಥೆಯಲ್ಲ. ಆದವಾನಿ, ರಾಯದುರ್ಗದವರೂ ತಮ್ಮ ತಮ್ಮ ಮನೆಯ ಕಾಗದಗಳನ್ನು ತೆಗೆದು ನೋಡಲಿ.

ಇಲ್ಲಿ ನನ್ನ ಪ್ರಶ್ನೆ ಒಂದೇ. ಪರಿಹಾರದ ಸರ್ಕಾರಿ ಆದೇಶವನ್ನು ತರಿಸಿ ಓದಿದೆ. ಬೆಳೆ ಎಷ್ಟು ಹಾಳಾಗಿರಬೇಕು, ಎಕರೆಗೆ ಎಷ್ಟು ಕೊಡಬೇಕು, ಎಲ್ಲ ಇದೆ. ತಂದೆ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾದರೆ ಅರ್ಜಿ ತಳ್ಳಿಹಾಕಿ ಎಂಬ ಮಾತು ಎಲ್ಲಿಯೂ ಇಲ್ಲ. ಆ ನಿಯಮ ಮಾಡಿದವರು ಯಾರು? ಯಾವುದೋ ಊರಿನಲ್ಲಿ ಕೂತು ತಂತ್ರಾಂಶ ಬರೆದ ಒಬ್ಬ ಹುಡುಗನೋ ಹುಡುಗಿಯೋ, ಎರಡು ಹೆಸರು ಇಷ್ಟು ಭಾಗ ಹೊಂದಿದರೆ ಒಬ್ಬನೇ ಮನುಷ್ಯ, ಅಷ್ಟು ಹೊಂದದಿದ್ದರೆ ಬೇರೆ ಬೇರೆ ಎಂದು ಒಂದು ಸಾಲು ಬರೆದಿರುತ್ತಾರೆ. ಗೆಜೆಟ್‌ನಲ್ಲಿ ಅಚ್ಚಾದ ನಿಯಮ ಒಂದು, ಯಂತ್ರದ ಹೊಟ್ಟೆಯಲ್ಲಿರುವ ನಿಯಮ ಇನ್ನೊಂದು. ನಮ್ಮ ಮೇಲೆ ನಡೆಯುವುದು ಎರಡನೆಯದು, ನಾವು ಓದಬಹುದಾದದ್ದು ಮೊದಲನೆಯದು ಮಾತ್ರ.

ಯಂತ್ರಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ಬರೆದ ಆ ಸಾಲುಗಳಿಗೆ ಸೋರ್ಸ್ ಕೋಡ್ ಎನ್ನುತ್ತಾರೆ. ಜನರ ದುಡ್ಡಿನಲ್ಲಿ ಬರೆಸಿದ ಕೋಡನ್ನು ಜನರಿಗೆ ತೋರಿಸಬೇಕು ಎಂಬುದು ಈ ಲೇಖನದ ವಾದ. ಎಸ್ಸೆಸ್ಸೆಲ್ಸಿ ಓದಿದ ರೈತನಿಗೆ ಕೋಡ್ ಓದಲು ಬರುತ್ತದೆಯೇ ಎಂದು ಯಾರಾದರೂ ಕೇಳಬಹುದು. ಬರುವುದಿಲ್ಲ. ನಮ್ಮ ಅಮರಾಪುರದ ಪಕ್ಕದ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ಹೆಂಜೇರು. ಆ ಕಾಲದ ಕನ್ನಡ ಶಾಸನ ಓದಲೂ ನನಗೆ ಬರುವುದಿಲ್ಲ. ಆದರೆ ದತ್ತಿ ಯಾರಿಗೆ, ಭೂಮಿ ಎಷ್ಟು, ಗಡಿ ಯಾವುದು ಎಂಬುದನ್ನು ಕಲ್ಲಿಗೆ ಹೊಡೆಸಿ ಗುಡಿಯ ಮುಂದೆ ನಿಲ್ಲಿಸಿದ್ದರಿಂದ, ಓದಬಲ್ಲವರು ಓದಿ ನನಗೆ ಹೇಳುತ್ತಾರೆ. ಕೋಡ್ ಬಯಲಲ್ಲಿದ್ದರೆ ಬೆಂಗಳೂರಿನಲ್ಲಿ ಅದೇ ಕೆಲಸ ಮಾಡುತ್ತಿರುವ ನಮ್ಮೂರ ಮಕ್ಕಳು ಓದುತ್ತಾರೆ, ಕಾಲೇಜಿನ ಮೇಷ್ಟ್ರು ಓದುತ್ತಾರೆ, ಪತ್ರಿಕೆಯವರು ಓದಿಸುತ್ತಾರೆ. ಇಂತಿಂಥ ಸಾಲಿನಲ್ಲಿ ಈರಪ್ಪನಿಗೂ ವೀರಪ್ಪನಿಗೂ ಸಂಬಂಧ ಕಡಿದಿದೆ ಎಂದು ಒಬ್ಬ ಹೇಳಿದರೂ ಸಾಕು, ಸಾವಿರ ಜನರ ಅರ್ಜಿ ಸರಿಹೋಗುತ್ತದೆ.

ವ್ಯಾಪಾರಸ್ಥರಿಗೆ ಇದು ಬೇಗ ಅರ್ಥವಾಗುತ್ತದೆ. ಮಂಡಿಯಲ್ಲಿ ಕಾಟಾ ಎಲ್ಲರ ಕಣ್ಣೆದುರಿಗೆ ಇರುತ್ತದೆ. ತೂಕ ಅಳತೆ ಇಲಾಖೆಯವರು ಬಂದು ಪರೀಕ್ಷೆ ಮಾಡಿ ಮುದ್ರೆ ಹಾಕುತ್ತಾರೆ. ಎಲೆಕ್ಟ್ರಾನಿಕ್ ಕಾಟಾದ ಒಳಗೇನಿದೆ ಎಂದು ನನಗೆ ಗೊತ್ತಿಲ್ಲದಿದ್ದರೂ, ಅನುಮಾನ ಬಂದರೆ ಇಪ್ಪತ್ತು ಕಿಲೋ ಬಟ್ಟು ತಂದಿಟ್ಟು ನೋಡುತ್ತೇನೆ. ಕಾಟಾವನ್ನು ಕೋಣೆಯೊಳಗಿಟ್ಟು ಬೀಗ ಹಾಕಿ, ಕಿಟಕಿಯಿಂದ ಚೀಟಿ ಮಾತ್ರ ಕೊಡುತ್ತೇನೆಂದು ದಲ್ಲಾಲಿ ಹೇಳಿದರೆ ಯಾವ ರೈತ ಮೂಟೆ ಇಳಿಸುತ್ತಾನೆ? ಸರ್ಕಾರದ ಯಂತ್ರದ ವಿಚಾರದಲ್ಲಿ ಮಾತ್ರ ನಾವು ಆ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಬರುತ್ತಿದ್ದೇವೆ.

ತೆಲಂಗಾಣದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾರಾಯಣಪೇಟೆ, ತಾಂಡೂರು, ಜಹೀರಾಬಾದ್ ಕಡೆಯ ಕನ್ನಡಿಗರು ಇದನ್ನು ನನಗಿಂತ ಹತ್ತಿರದಿಂದ ಕಂಡಿರಬಹುದು. ಅಲ್ಲಿನ ಸರ್ಕಾರ 'ಸಮಗ್ರ ವೇದಿಕ' ಎಂಬ ವ್ಯವಸ್ಥೆ ಮಾಡಿತು. ಹಲವು ಇಲಾಖೆಗಳ ಕಡತಗಳನ್ನು ಒಟ್ಟು ಮಾಡಿ, ಹೆಸರು, ವಿಳಾಸ ಹೋಲಿಸಿ, ಈ ರೇಷನ್ ಕಾರ್ಡಿನವನೇ ಆ ಕಾರಿನ ಮಾಲೀಕ, ಈ ಹೆಂಗಸೇ ಆ ಜಮೀನಿನ ಒಡತಿ ಎಂದು ಯಂತ್ರವೇ ತೀರ್ಮಾನಿಸುವುದು. ಅನರ್ಹರನ್ನು ಹುಡುಕಿ ತೆಗೆಯುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಲಕ್ಷಗಟ್ಟಲೆ ಕಾರ್ಡುಗಳು ನೋಟಿಸು ಕೂಡ ಇಲ್ಲದೆ ರದ್ದಾದವು. ಹೈದರಾಬಾದಿನ ಒಬ್ಬ ವಿಧವೆಯ ವಿಷಯ 2024ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂತು. ಗಂಡ ರಿಕ್ಷಾ ಎಳೆದು ಸತ್ತವನು. ಅವನ ಹೆಸರಿಗೆ ಹತ್ತಿರದ ಹೆಸರಿನ ಇನ್ನೊಬ್ಬನ ಬಳಿ ಕಾರಿತ್ತು. ಯಂತ್ರ ಇಬ್ಬರನ್ನೂ ಒಬ್ಬನೆಂದು ತಿಳಿಯಿತು. ಆ ಮನೆಗೆ ಬರುತ್ತಿದ್ದ ಅಕ್ಕಿ ನಿಂತಿತು. ನನ್ನ ವಿಷಯದಲ್ಲಿ ಒಬ್ಬನನ್ನು ಇಬ್ಬರೆಂದಿತು, ಆಕೆಯ ವಿಷಯದಲ್ಲಿ ಇಬ್ಬರನ್ನು ಒಬ್ಬನೆಂದಿತು. ತಪ್ಪು ಎರಡೂ ಕಡೆ ಆಗುತ್ತದೆ, ಹೊಟ್ಟೆಯ ಮೇಲೆ ಹೊಡೆತ ಬೀಳುವುದು ಮಾತ್ರ ಒಂದೇ ಕಡೆಯವರಿಗೆ.

ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ರದ್ದಾದ ಸುಮಾರು 19 ಲಕ್ಷ ಕಾರ್ಡುಗಳನ್ನು ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಎಂದು 2022ರ ಏಪ್ರಿಲ್‌ನಲ್ಲಿ ಆದೇಶವಾಯಿತು. ಮರುಪರಿಶೀಲನೆಗೆ ಬಂದ ಅರ್ಜಿಗಳಲ್ಲಿ ಆ ಜುಲೈವರೆಗೆ 2 ಲಕ್ಷದ 5 ಸಾವಿರ ಚಿಲ್ಲರೆ ಇತ್ಯರ್ಥವಾದವು. ಅದರಲ್ಲಿ 15 ಸಾವಿರಕ್ಕೂ ಹೆಚ್ಚು ಮನೆಗಳು ಅರ್ಹವೇ ಆಗಿದ್ದವು ಎಂದು ಗೊತ್ತಾಯಿತು. ನೂರಕ್ಕೆ ಏಳು. ಮಂಡಿಯಲ್ಲಿ ನೂರು ಮೂಟೆಗೆ ಏಳು ಮೂಟೆ ಹೊಡೆಯುವ ಕಾಟಾ ಇದ್ದರೆ ನಾವು ಸುಮ್ಮನಿರುತ್ತೇವೆಯೇ? ಪತ್ರಕರ್ತರು ಮಾಹಿತಿ ಹಕ್ಕಿನಲ್ಲಿ ಆ ತಂತ್ರಾಂಶದ ಕೋಡ್ ಕೇಳಿದರು. ಅದನ್ನು ಮಾಡಿದ ಖಾಸಗಿ ಕಂಪನಿಗೆ ಅದರ ಹಕ್ಕು ಇದೆ ಎಂದು ನಿರಾಕರಿಸಿದರು. ಅಕ್ಕಿ ಸರ್ಕಾರದ್ದು, ಕಾರ್ಡು ಸರ್ಕಾರದ್ದು, ಕಿತ್ತುಕೊಂಡದ್ದು ಸರ್ಕಾರ. ಕಿತ್ತುಕೊಂಡ ಲೆಕ್ಕ ಮಾತ್ರ ಕಂಪನಿಯದು!

ಇದು ನಮ್ಮ ದೇಶದ ರೋಗ ಮಾತ್ರ ಎಂದು ತಿಳಿಯಬೇಡಿ. ಬ್ರಿಟನ್ನಿನ ಅಂಚೆ ಇಲಾಖೆಯ ಕಥೆ ಅಂಗಡಿ ಇಟ್ಟವರೆಲ್ಲ ಕೇಳಬೇಕಾದದ್ದು. ಅಲ್ಲಿ ಹಳ್ಳಿಯ ಅಂಗಡಿಕಾರನೇ ಒಂದು ಮೂಲೆಯಲ್ಲಿ ಅಂಚೆ ಕಚೇರಿಯನ್ನೂ ನಡೆಸುತ್ತಾನೆ. 1999ರಿಂದ ಅವರಿಗೆಲ್ಲ 'ಹೊರೈಜನ್' ಎಂಬ ಲೆಕ್ಕದ ಯಂತ್ರ ಕೊಟ್ಟರು. ಮಾಡಿದ್ದು ಫುಜಿತ್ಸು ಕಂಪನಿ. ಸಂಜೆ ಗಲ್ಲಾಪೆಟ್ಟಿಗೆ ಎಣಿಸಿದರೆ ದುಡ್ಡು ಸರಿಯಾಗಿದೆ, ಯಂತ್ರ ಮಾತ್ರ ಸಾವಿರ ಪೌಂಡು ಕಮ್ಮಿ ಎನ್ನುತ್ತದೆ. ಕಮ್ಮಿಯಾದದ್ದನ್ನು ಕೈಯಿಂದ ತುಂಬು, ಇಲ್ಲವಾದರೆ ಕಳ್ಳತನದ ಕೇಸು. ಯಂತ್ರ ಸರಿಯಾಗಿಯೇ ಕೆಲಸ ಮಾಡಿದೆ ಎಂದು ಕೋರ್ಟು ಮೊದಲೇ ನಂಬಿಕೊಂಡಿರುತ್ತಿತ್ತು. ಸುಮಾರು ಹದಿನೈದು ವರ್ಷದಲ್ಲಿ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಮನೆ ಮಾರಿಕೊಂಡರು, ಜೈಲಿಗೆ ಹೋದರು, ಜೀವ ಕಳೆದುಕೊಂಡವರೂ ಉಂಟು. ಯಂತ್ರದಲ್ಲಿ ಇಂತಿಂಥ ದೋಷ ಇದೆ ಎಂದು ಕಂಪನಿಯವರೇ ಬರೆದಿಟ್ಟುಕೊಂಡಿದ್ದ ಪಟ್ಟಿಯೊಂದಿತ್ತು. ಅಂಗಡಿಯವರು ಒಟ್ಟುಗೂಡಿ ದಾವೆ ಹೂಡಿದ ಮೇಲೆಯೇ ಅದು ಹೊರಗೆ ಬಂದದ್ದು. 2019ರ ಡಿಸೆಂಬರಿನಲ್ಲಿ ಲಂಡನ್ನಿನ ಹೈಕೋರ್ಟು ಯಂತ್ರದಲ್ಲಿ ದೋಷವಿತ್ತು ಎಂದಿತು. 2024ರ ಮೇನಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿ ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡಬೇಕಾಯಿತು. ವಿಚಿತ್ರವೆಂದರೆ ಅದೇ ದೇಶದಲ್ಲಿ 2011ರಲ್ಲಿ ಶುರುವಾದ ಸರ್ಕಾರದ ಇನ್ನೊಂದು ತಂತ್ರಜ್ಞರ ತಂಡ, ಹೊಸದಾಗಿ ಬರೆದ ಕೋಡನ್ನು ಎಲ್ಲರಿಗೂ ತೆರೆದಿಡಬೇಕು ಎಂದು ನಿಯಮ ಮಾಡಿಕೊಂಡು ನಡೆಯುತ್ತಿತ್ತು. ಒಂದೇ ಮನೆಯಲ್ಲಿ ಒಂದು ಕೋಣೆಗೆ ಕಿಟಕಿ, ಒಂದು ಕೋಣೆಗೆ ಬೀಗ.

ಇನ್ನು ನಮ್ಮ ಮನೆಗೆ ಬರೋಣ. ನಿಯಮ ಇಲ್ಲವೆಂದಲ್ಲ. ಕೇಂದ್ರ ಸರ್ಕಾರ 2015ರಲ್ಲೇ ಎರಡು ನೀತಿ ಹೊರಡಿಸಿದೆ. ಸರ್ಕಾರದ ಕೆಲಸಕ್ಕೆ ಮುಕ್ತ ತಂತ್ರಾಂಶವನ್ನೇ ಮೊದಲು ನೋಡಿ, ಬೇಡವಾದರೆ ಯಾಕೆ ಬೇಡ ಎಂದು ಬರೆಯಿರಿ ಎಂಬುದು ಒಂದು. ಸರ್ಕಾರಿ ತಂತ್ರಾಂಶಗಳ ಕೋಡನ್ನು ತೆರೆದಿಟ್ಟು ಎಲ್ಲರೂ ಕೂಡಿ ಬೆಳೆಸಿ ಎಂಬುದು ಇನ್ನೊಂದು. ಅದಕ್ಕಾಗಿ 'ಓಪನ್‌ಫೋರ್ಜ್' ಎಂಬ ಒಂದು ಉಗ್ರಾಣವನ್ನೂ ಮಾಡಿದರು. ಹಾಗಿದ್ದೂ ನಮ್ಮ ಹುಡುಗನ ಪರದೆಯ ಮೇಲಿನ ಕೆಂಪು ಸಾಲಿನ ಹಿಂದೆ ಏನಿದೆ ಎಂಬುದು ನಮಗೆ ಕಾಣುವುದಿಲ್ಲ.

ಒತ್ತಾಯ ಮಾಡಿದರೆ ತೆರೆಯುತ್ತಾರೆ ಎಂಬುದಕ್ಕೆ ಕೊರೋನಾ ಕಾಲವೇ ಸಾಕ್ಷಿ. 2020ರ ಏಪ್ರಿಲ್ 2ರಂದು ಆರೋಗ್ಯ ಸೇತು ಬಂತು. ಕೆಲಸಕ್ಕೆ ಹೋಗಬೇಕಾದರೂ ಫೋನಿನಲ್ಲಿ ಅದಿರಬೇಕು ಎಂದರು. ಒಳಗೆ ಏನಿದೆ ತೋರಿಸಿ ಎಂದು ತಿಳಿದವರು ಗಲಾಟೆ ಮಾಡಿದರು. ಮೇ 26ಕ್ಕೆ ಆಂಡ್ರಾಯ್ಡ್ ಫೋನಿನ ಕೋಡ್ ಬಯಲಿಗೆ ಬಂತು; ತಪ್ಪು ಹುಡುಕಿದವರಿಗೆ ಬಹುಮಾನವನ್ನೂ ಸಾರಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಅದೇ ಅಕ್ಟೋಬರಿನಲ್ಲಿ, ಈ ಆ್ಯಪ್ ಮಾಡಿದವರು ಯಾರು ಎಂಬ ಮಾಹಿತಿ ಹಕ್ಕಿನ ಪ್ರಶ್ನೆಗೆ ಇಲಾಖೆಗಳು ಸರಿಯಾದ ಉತ್ತರ ಕೊಡದೆ ಕೇಂದ್ರ ಮಾಹಿತಿ ಆಯೋಗದಿಂದ ನೋಟಿಸು ತಿಂದದ್ದೂ ನಿಜ. ಎರಡನ್ನೂ ನೆನಪಿನಲ್ಲಿಡಬೇಕು.

ಇನ್ನೊಂದು ತಮಾಷೆ. ನಮ್ಮ ಬೆಂಗಳೂರಿನ ಐಐಐಟಿಯಲ್ಲಿ 2018ರಿಂದ 'ಮೋಸಿಪ್' ಎಂಬ ಗುರುತಿನ ಚೀಟಿಯ ತಂತ್ರಾಂಶ ಬೆಳೆಯುತ್ತಿದೆ. ಅದರ ಕೋಡ್ ಜಗತ್ತಿಗೆಲ್ಲ ಮುಕ್ತ. ಫಿಲಿಪ್ಪೀನ್ಸ್, ಮೊರಾಕೊ ದೇಶದವರು ತೆಗೆದುಕೊಂಡು ತಮ್ಮ ಜನರಿಗೆ ಗುರುತು ಮಾಡಿಕೊಡುತ್ತಿದ್ದಾರೆ. ಬಹಳ ಒಳ್ಳೆಯ ಕೆಲಸ, ಕನ್ನಡ ನಾಡಿಗೆ ಗೌರವ. ಆದರೆ ನನ್ನಪ್ಪನನ್ನು ವೀರಪ್ಪ ಮಾಡಿದ ಆಧಾರ್‌ನ ಕೋಡನ್ನು ನಾನು ನೋಡುವಂತಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದರೆ ಇದೇ ಅಲ್ಲವೇ?

ಕೋಡ್ ತೆರೆದರೆ ಕಳ್ಳರಿಗೆ ದಾರಿ ತೋರಿಸಿದಂತೆ ಎಂದು ಅಧಿಕಾರಿಗಳು ಹೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ, ಆದರೆ ಅಳತೆ ಮೀರಿ ಹೇಳುತ್ತಾರೆ. ಬೀಗ ಹೇಗೆ ಕೆಲಸ ಮಾಡುತ್ತದೆ ಎಂಬುದು ಬೀಗ ರಿಪೇರಿ ಮಾಡುವವರಿಗೆಲ್ಲ ಗೊತ್ತು. ಕೀಲಿಕೈ ನನ್ನ ಸೊಂಟದಲ್ಲಿದ್ದರೆ ಸಾಕು. ನಾವು ಕೀಲಿಕೈ ಕೇಳುತ್ತಿಲ್ಲ. ಯಾರ ಆಧಾರ್ ಸಂಖ್ಯೆಯನ್ನೂ, ಯಾರ ಬ್ಯಾಂಕ್ ಖಾತೆಯನ್ನೂ ಕೇಳುತ್ತಿಲ್ಲ. ಜನರ ವಿವರ ಬೇರೆ, ಆ ವಿವರದ ಮೇಲೆ ಲೆಕ್ಕ ಹಾಕುವ ವಿಧಾನ ಬೇರೆ. ಮೊದಲನೆಯದು ಗುಟ್ಟಾಗಿರಬೇಕು, ಎರಡನೆಯದು ಬಯಲಲ್ಲಿರಬೇಕು.

ಈಗ ನಡೆಯುತ್ತಿರುವುದು ಅದಕ್ಕೆ ತದ್ವಿರುದ್ಧ! ಆಂಧ್ರದಲ್ಲಿ 2015ರಿಂದ 'ಮೀ ಭೂಮಿ' ಇದೆ, ಕರ್ನಾಟಕದಲ್ಲಿ ಅದಕ್ಕೂ ಹಿಂದಿನಿಂದ 'ಭೂಮಿ' ಇದೆ. ಸರ್ವೆ ನಂಬರು ಒತ್ತಿದರೆ ಸಾಕು, ನನ್ನ ಹೆಸರು, ನಮ್ಮಪ್ಪನ ಹೆಸರು, ಎಷ್ಟು ಎಕರೆ, ಎಷ್ಟು ಸೆಂಟು, ಎಲ್ಲವೂ ಯಾರಿಗೆ ಬೇಕಾದರೂ ಕಾಣುತ್ತದೆ. ಫಲಾನುಭವಿಗಳ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸುತ್ತಾರೆ. ರೈತ ಬಯಲಲ್ಲಿ ನಿಂತಿದ್ದಾನೆ, ಯಂತ್ರ ಪರದೆ ಹಾಕಿಕೊಂಡು ಕೂತಿದೆ.

ಕಂಪ್ಯೂಟರು ಬಂದದ್ದೇ ಕೆಟ್ಟದ್ದೆಂದು ನಾನು ಹೇಳಲಾರೆ. ಕರ್ನಾಟಕದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಯಂತ್ರಕ್ಕೆ ತುಂಬಿ, ತಾಲ್ಲೂಕು ಕಚೇರಿಯಲ್ಲಿ ಹದಿನೈದು ರೂಪಾಯಿಗೆ ಪಹಣಿ ಸಿಗುವಂತೆ ಮಾಡಿದಾಗ ಪಾವಗಡ, ಶಿರಾದ ನಮ್ಮ ನೆಂಟರು ಎಷ್ಟು ಹಿಗ್ಗಿದರು ಎಂಬುದನ್ನು ಕಂಡಿದ್ದೇನೆ. ಅದಕ್ಕೆ ಮೊದಲು ಕೈಬರಹದ ಪುಸ್ತಕ ಇಟ್ಟುಕೊಂಡವನೇ ದೊರೆ. ನಮ್ಮಲ್ಲಿ ಕರಣಂ ಇದ್ದ. ಅವನ ದಫ್ತರದಲ್ಲಿ ಏನು ಬರೆದಿದ್ದಾನೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. 1984ರಲ್ಲಿ ಎನ್.ಟಿ. ರಾಮರಾಯರು ಕರಣಂ ಪದ್ಧತಿಯನ್ನೇ ತೆಗೆದಾಗ ಊರಲ್ಲಿ ಕೆಲವರು ಪಟಾಕಿ ಹೊಡೆದರು. ಕರಣಂ ಎಲ್ಲಿಗೂ ಹೋಗಲಿಲ್ಲ, ಕಂಪ್ಯೂಟರಿನೊಳಗೆ ಹೊಕ್ಕು ಕೂತಿದ್ದಾನೆ ಎಂದು ನನಗೆ ಈಗೀಗ ಅನಿಸುತ್ತದೆ. ಹಳೆಯ ಕರಣಂಗೆ ಮನೆಯಾದರೂ ಇತ್ತು, ಹೋಗಿ ಜಗಲಿಯ ಮೇಲೆ ಕೂರಬಹುದಿತ್ತು.

ಕೋಡ್ ಕಂಪನಿಯ ಬಳಿಯೇ ಉಳಿದರೆ ಇನ್ನೊಂದು ಕಷ್ಟವಿದೆ. ತೆಲಂಗಾಣದ 'ಧರಣಿ' 2020ರ ಅಕ್ಟೋಬರ್ 29ರಂದು ಶುರುವಾಯಿತು. ತನ್ನದೇ ಜಮೀನು ನಿಷೇಧಿತ ಪಟ್ಟಿಗೆ ಸೇರಿಬಿಟ್ಟಿದೆ, ತಿದ್ದಲು ಕಚೇರಿಯಲ್ಲಿ ಯಾರಿಗೂ ಅಧಿಕಾರವಿಲ್ಲ ಎಂದು ರೈತರು ವರ್ಷಗಟ್ಟಲೆ ಅಲೆದರು. 2024ರಲ್ಲಿ ಅದರ ನಿರ್ವಹಣೆಯನ್ನು ಖಾಸಗಿಯವರಿಂದ ಬಿಡಿಸಿ ಸರ್ಕಾರದ ಎನ್‌ಐಸಿಗೆ ಕೊಟ್ಟರು, 2025ರ ಏಪ್ರಿಲ್ 14ರಂದು 'ಭೂ ಭಾರತಿ' ಎಂದು ಹೊಸದನ್ನು ತಂದರು. ಒಕ್ಕಲು ಬದಲಾದಾಗ ಬಾವಿಯ ಹಗ್ಗವನ್ನೂ ಹಳೆಯ ಒಕ್ಕಲು ಕಿತ್ತುಕೊಂಡು ಹೋಗದ ಹಾಗೆ ಕರಾರು ಬರೆಸಿಕೊಳ್ಳುವುದು ನಮಗೆ ಗೊತ್ತು. ತಂತ್ರಾಂಶ ಬರೆಸುವಾಗಲೂ ಕೋಡ್ ಸರ್ಕಾರದ್ದು, ಅದನ್ನು ಜನ ನೋಡಬಹುದು ಎಂದು ಟೆಂಡರಿನಲ್ಲೇ ಬರೆಸಬೇಕು. ಆಮೇಲೆ ಕೇಳಿದರೆ ಯಾವ ಕಂಪನಿಯೂ ಕೊಡುವುದಿಲ್ಲ.

ಲೆಕ್ಕವನ್ನು ಬಯಲಲ್ಲಿ ಓದುವುದು ನಮ್ಮ ಸೀಮೆಗೆ ಹೊಸದಲ್ಲ. ಉದ್ಯೋಗ ಖಾತ್ರಿ ಯೋಜನೆಗೆ 2006ರ ಫೆಬ್ರವರಿ 2ರಂದು ಚಾಲನೆ ಕೊಟ್ಟದ್ದು ನಮ್ಮ ಅಂದಿನ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಅದರ ಬೆನ್ನಿಗೇ ಆಂಧ್ರದಲ್ಲಿ ಸಾಮಾಜಿಕ ತನಿಖಿ ಶುರುವಾಯಿತು. ಮಸ್ಟರ್ ರೋಲನ್ನು ಊರ ಮುಂದೆ ಗಟ್ಟಿಯಾಗಿ ಓದುವುದು, ಇಂಥವನು ಇಷ್ಟು ದಿನ ಮಣ್ಣು ಹೊತ್ತ, ಇಷ್ಟು ಕೂಲಿ ಪಡೆದ ಎಂದು. ಓದು ಬರದವರೂ ಎದ್ದು ನಿಂತು, ನಾನು ಆ ವಾರ ತವರಿಗೆ ಹೋಗಿದ್ದೆ, ನನ್ನ ಹೆಬ್ಬೆಟ್ಟು ಅಲ್ಲಿಗೆ ಹೇಗೆ ಬಂತು ಎಂದು ಕೇಳಿದರು. ಹೆಬ್ಬೆಟ್ಟಿನವರು ಕೇಳಲಾಗುವುದಾದರೆ ನಾವು ಕೇಳಲಾಗದೇ? ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೇ ಕಲಮಿನಲ್ಲಿ, ಒಂದು ತೀರ್ಮಾನದಿಂದ ಬಾಧಿತನಾದವನಿಗೆ ಅದರ ಕಾರಣ ಹೇಳಬೇಕು ಎಂದು 2005ರಿಂದಲೇ ಬರೆದಿದೆ. 'ಸಿಸ್ಟಂ ತಗೊಳ್ತಾ ಇಲ್ಲ' ಎಂಬುದು ಕಾರಣವಾಗುವುದಿಲ್ಲ. ಎಂಟನೇ ಕಲಮಿನಲ್ಲಿ ವ್ಯಾಪಾರದ ಗುಟ್ಟಿಗೆ ರಕ್ಷಣೆ ಇದೆ, ನಿಜ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಆ ಗುಟ್ಟನ್ನೂ ಕೊಡಬೇಕೆಂಬ ಮಾತು ಅದೇ ಸಾಲಿನಲ್ಲಿದೆ. ಅಕ್ಕಿಗಿಂತ, ಜಮೀನಿಗಿಂತ ದೊಡ್ಡ ಸಾರ್ವಜನಿಕ ಹಿತ ಯಾವುದೋ ನನಗೆ ತಿಳಿಯದು.

ಗಡಿಯ ಕನ್ನಡ ಸಂಘಗಳು ಶಾಲೆ, ಮೇಷ್ಟ್ರು, ಪಠ್ಯಪುಸ್ತಕ ಎಂದು ಮನವಿ ಕೊಡುತ್ತಾ ಬಂದಿವೆ. ಕೊಡಲಿ. ಆ ಮನವಿಯಲ್ಲಿ ಇನ್ನೊಂದು ಸಾಲು ಸೇರಿಸಬೇಕೆಂದು ನನ್ನ ಕೋರಿಕೆ: ಹೆಸರು ಹೋಲಿಸುವ ತಂತ್ರಾಂಶದ ಕೋಡ್ ತೋರಿಸಿ, ಕನ್ನಡದ ಹೆಸರು ತೆಲುಗು, ತಮಿಳು, ಮರಾಠಿ, ಮಲಯಾಳಕ್ಕೆ ಹೋದಾಗ ಅದು ಏನು ಮಾಡುತ್ತದೆ ಎಂದು ನಮ್ಮೆದುರು ಪರೀಕ್ಷಿಸಿ. ಹೊಸೂರಿನವರಿಗೂ ಜತ್ತದವರಿಗೂ ಕಾಸರಗೋಡಿನವರಿಗೂ ಬೇಕಾದ ಸಾಲು ಇದು.

ಹೋದ ವಾರ ನಾನು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದ್ದೇನೆ, ತೆಲುಗಿನಲ್ಲಿ. ನನ್ನ ಅರ್ಜಿಯನ್ನು ತಳ್ಳಿಹಾಕಿದ ಲೆಕ್ಕ ಯಾವುದು, ಅದನ್ನು ಬರೆದವರು ಯಾರು, ಎಷ್ಟು ಅಕ್ಷರ ಹೊಂದಿದರೆ ನಾನು ನಾನಾಗುತ್ತೇನೆ ಎಂದು ಕೇಳಿದ್ದೇನೆ. ಉತ್ತರಕ್ಕೆ ಮೂವತ್ತು ದಿನ ಗಡುವು. ತಂದೆಯ ಹೆಸರು ಎಂಬ ಕಡೆ ಈರಪ್ಪ ಎಂದು ಬರೆದು, ಪಕ್ಕದಲ್ಲಿ ಒಂದು ಗೀಟು ಹಾಕಿ ವೀರಪ್ಪ ಎಂದೂ ಬರೆದಿದ್ದೇನೆ.